ಹಕ್ಕಿ ಫೋಟೋಗೆ ಎರಡು ಲೆನ್ಸ್: ನಾನು ಆರಿಸಿದ್ದು ಹೇಗೆ

ಮೂರು ತಿಂಗಳು ನನ್ನ ತಲೆಯಲ್ಲಿ ಎರಡೇ ಲೆನ್ಸ್ ತಿರುಗುತ್ತಿದ್ದವು. ಒಂದು ನಿಕಾನ್ 200-500 ಮಿಲಿಮೀಟರ್ (ಈ ಸಂಖ್ಯೆ ದೊಡ್ಡದಾದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ), ಎಫ್ 5.6 (ಇದು ಲೆನ್ಸಿನ ಕಿಂಡಿಯ ಅಳತೆ, ಚಿಕ್ಕದಾದಷ್ಟೂ ಬೆಳಕು ಜಾಸ್ತಿ). ಇನ್ನೊಂದು ಸಿಗ್ಮಾ 150-600 ಕಂಟೆಂಪರರಿ, ಎಫ್ 5ರಿಂದ 6.3. ಎರಡೂ 2015ರಲ್ಲಿ ಬಂದವು. ನನ್ನ ಕ್ಯಾಮೆರಾ ನಿಕಾನ್ ಡಿ7500. ದುಡ್ಡು ಒಂದಕ್ಕೆ ಮಾತ್ರ ಇತ್ತು.

ಮೊದಲು ನಾನು ಬರೀ ಉದ್ದದ ತುದಿಯನ್ನೇ ನೋಡುತ್ತಿದ್ದೆ. 600 ಜಾಸ್ತಿ ಅಲ್ವಾ, ಅದೇ ಬೇಕು ಅನ್ನಿಸಿತ್ತು. ಆಮೇಲೆ ಲೆಕ್ಕ ಹಾಕಿದೆ. ನನ್ನ ಕ್ಯಾಮೆರಾದಲ್ಲಿ 20.9 ಮೆಗಾಪಿಕ್ಸೆಲ್ ಇದೆ. 500ರಲ್ಲಿ ತೆಗೆದ ಚಿತ್ರವನ್ನು 600ರಷ್ಟು ಕಾಣುವಂತೆ ಕ್ರಾಪ್ ಮಾಡಿದರೂ, ಅಂದರೆ ಅಂಚು ಕತ್ತರಿಸಿದರೂ, ಸುಮಾರು 14.5 ಮೆಗಾಪಿಕ್ಸೆಲ್ ಉಳಿಯುತ್ತದೆ. ಅಷ್ಟು ಸಾಕು. ಹಾಗಾದರೆ ಬೆಳಕಿನ ಲಾಭ ನಿಕಾನ್‌ಗೆ ಅಂತ ಅತ್ತ ವಾಲಿದೆ. ಆದರೆ 5.6ಕ್ಕೂ 6.3ಕ್ಕೂ ಇರುವುದು ಸ್ಟಾಪ್‌ನ (ಬೆಳಕು ಇಮ್ಮಡಿಯಾಗುವ ಒಂದು ಹೆಜ್ಜೆ) ಮೂರನೇ ಒಂದು ಭಾಗ. ಕ್ಯಾಮೆರಾ ಬೆಳಕಿಗೆ ಎಷ್ಟು ಸ್ಪಂದಿಸಬೇಕು ಅನ್ನುವ ಐಎಸ್ಒ ಸೆಟ್ಟಿಂಗನ್ನು 1600ರ ಬದಲು 2000 ಇಡಬೇಕು, ಅಷ್ಟೇ. ಕಾಗದದ ಮೇಲೆ ಇದು ತೀರ್ಮಾನವಾಗುವ ಜಗಳವಲ್ಲ ಅಂತ ಗೊತ್ತಾಯಿತು.

ಕೊನೆಗೆ ಎರಡನ್ನೂ ಬಾಡಿಗೆಗೆ ತಂದು ಮಾರ್ಚ್‌ನಲ್ಲಿ ರಂಗನತಿಟ್ಟಿಗೆ ಹೋದೆ. ನಾನು ಹೆಚ್ಚು ಫೋಟೋ ತೆಗೆಯುವುದು ಅಲ್ಲೇ, ಕಾವೇರಿಯ ಮೇಲೆ ದೋಣಿಯಲ್ಲಿ ಕೂತು.

ಮೊದಲ ಸುತ್ತು ನಿಕಾನ್. ಬಂಡೆಯ ಮೇಲೆ ಕೂತ ಹಕ್ಕಿಗಳನ್ನು ಬಹಳ ಚೆನ್ನಾಗಿ ಹಿಡಿಯಿತು. 500ರಲ್ಲಿ ಕಿಂಡಿ ಪೂರ್ತಿ ತೆರೆದಿಟ್ಟರೂ ಗರಿಗರಿ ಬಿಡಿಯಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಒಂದು ಬಣ್ಣದ ಕೊಕ್ಕರೆ ಗೂಡಿಗೆ ಕಡ್ಡಿ ಕಚ್ಚಿಕೊಂಡು ದೋಣಿಯ ಪಕ್ಕದಲ್ಲೇ ಹಾರಿ ಬಂತು. ಜೂಮ್ ಉಂಗುರವನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದೆ. 200ಕ್ಕೆ ಬಂದರೂ ರೆಕ್ಕೆಯ ತುದಿ ಹೊರಗೇ ಉಳಿಯಿತು.

ಮನೆಗೆ ಬಂದು ಇದನ್ನೂ ಲೆಕ್ಕ ಹಾಕಿದೆ. ಹಕ್ಕಿ 12 ಮೀಟರ್ ದೂರದಲ್ಲಿದ್ದರೆ, 200ರಲ್ಲಿ ನನ್ನ ಕ್ಯಾಮೆರಾಕ್ಕೆ ಕಾಣುವ ಅಗಲ 1.4 ಮೀಟರ್. 150ರಲ್ಲಿ ಸುಮಾರು 1.9 ಮೀಟರ್. ಕೊಕ್ಕರೆ ರೆಕ್ಕೆ ಹರಡಿದರೆ ಒಂದೂವರೆ ಮೀಟರ್! ಮೂರು ತಿಂಗಳು ನಾನು ತಪ್ಪು ತುದಿಯನ್ನು ನೋಡುತ್ತಾ ಕೂತಿದ್ದೆ.

ಎರಡನೇ ಸುತ್ತಿಗೆ ಸಿಗ್ಮಾ ಹಾಕಿದೆ. ಇದರ ತೂಕ 1.93 ಕಿಲೋ, ನಿಕಾನ್ ಸುಮಾರು 2.3. ಅಂಗಡಿಯಲ್ಲಿ ಒಂದು ನಿಮಿಷ ಎತ್ತಿ ಹಿಡಿದರೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಲುಗಾಡುವ ದೋಣಿಯಲ್ಲಿ ಟ್ರೈಪಾಡ್ ಇಲ್ಲದೆ ಅರ್ಧ ಗಂಟೆ ಹಿಡಿದರೆ ಎಡಗೈ ಹೇಳುತ್ತದೆ. ಇನ್ನೊಂದು ಅನುಕೂಲವೂ ಇದೆ. ಸಿಗ್ಮಾದ ಮುಂಭಾಗ ಹಿಡಿದು ಸುಮ್ನೆ ಒಳಕ್ಕೆ ತಳ್ಳಿದರೂ ಜೂಮ್ ಆಗುತ್ತದೆ. ಮೀನು ಕಚ್ಚಿಕೊಂಡ ರಿವರ್ ಟರ್ನ್ ಹಕ್ಕಿ ನೇರ ನಮ್ಮ ಕಡೆಗೇ ಬಂದಾಗ ಹಾಗೇ ತಳ್ಳಿದೆ. ಶಟರ್ ತೆರೆದಿದ್ದು ಸೆಕೆಂಡಿನ 2000ದಲ್ಲಿ ಒಂದು ಭಾಗ. ಎರಡೂ ರೆಕ್ಕೆ, ಕವಲು ಬಾಲ, ಬೆಳ್ಳಿ ಮೀನು, ಎಲ್ಲ ಒಳಗೆ ಸಿಕ್ಕಿತು. ಆ ಚಿತ್ರ ನೋಡಿದಾಗ ಆದ ಖುಷಿಯನ್ನು ಹೇಳಲು ಬರುವುದಿಲ್ಲ.

600ರ ತುದಿಯಲ್ಲಿ ಸಿಗ್ಮಾದ ಚಿತ್ರ ಸ್ವಲ್ಪ ಮೆದು, ಅಷ್ಟು ಸ್ಪಷ್ಟವಲ್ಲ. ಕಿಂಡಿ ಕಿರಿದು ಮಾಡಿ ಎಫ್ 8ಕ್ಕೆ ಇಳಿಸಿದರೆ ಸರಿಯಾಗುತ್ತದೆ. ಬೆಳಗ್ಗೆ ಏಳಕ್ಕೆ ಮುಂಚೆ ಹಾಗೆ ಇಳಿಸಲು ಬೆಳಕು ಸಾಲದು. ನೀವು ಹೆಚ್ಚಾಗಿ ಜೀಪಿನಲ್ಲಿ ಬೀನ್ ಬ್ಯಾಗ್ (ಕಾಳು ತುಂಬಿದ ಚೀಲ) ಮೇಲೆ ಲೆನ್ಸ್ ಇಟ್ಟು ತೆಗೆಯುವವರಾದರೆ, ಕಬಿನಿಯಂಥ ಕಡೆ ಮಬ್ಬು ಬೆಳಕಿನಲ್ಲಿ ಕಾಯುವವರಾದರೆ, ನಾನೇ ನಿಕಾನ್ ತಗೊಳ್ಳಿ ಅಂತೀನಿ. ಅಲ್ಲಿ ತೂಕ ಲೆಕ್ಕಕ್ಕೆ ಬರುವುದಿಲ್ಲ.

ನಾನು ಸಿಗ್ಮಾ ಕೊಂಡೆ. ಆಮೇಲೆ ದೋಣಿಯಿಂದ ತೆಗೆದ ಚಿತ್ರಗಳ ಮಾಹಿತಿ ತೆರೆದು ನೋಡಿದೆ. ಅರ್ಧಕ್ಕಿಂತ ಜಾಸ್ತಿ 150ರಿಂದ 350ರ ಒಳಗಿನವು. 600ರಲ್ಲಿ ತೆಗೆದವು ಬೆರಳೆಣಿಕೆಯಷ್ಟು, ಅದರಲ್ಲೂ ಹೆಚ್ಚಿನವು ಒಂದೇ ಕೊಂಬೆಯ ಮೇಲೆ ಕೂತ ಒಂದೇ ಮಿಂಚುಳ್ಳಿ.