ಮೊದಲು ತೂತು, ಆಮೇಲೆ ರಿವೆಟ್ಟು, ಕೊನೆಗೆ ನಂಬರು: ಹಳೆ ಜೀಪಿನ ಚಾಸಿ ನಾನು ನೋಡುವ ಬಗೆ

ಹಳೆ ಜೀಪು ಕೊಳ್ಳಲು ಹೋದವರ ಕಣ್ಣು ಮೊದಲು ಬೀಳುವುದು ಗ್ರಿಲ್ಲಿನ ಮೇಲೆ, ಬಾನೆಟ್ಟಿನ ಮೇಲೆ, ಡ್ಯಾಶ್‌ಬೋರ್ಡಿಗೆ ಬಡಿದ ತಗಡಿನ ಪ್ಲೇಟಿನ ಮೇಲೆ. ಈ ಮೂರೂ ಇವತ್ತು ದುಡ್ಡು ಕೊಟ್ಟರೆ ಹೊಚ್ಚ ಹೊಸದಾಗಿ ಸಿಗುತ್ತವೆ. ಹರಿಯಾಣದ ಮಂಡಿ ಡಬ್ವಾಲಿಯಲ್ಲಿ ಲೋ ಬಾನೆಟ್, ಅಂದರೆ ತಗ್ಗು ಮೂತಿಯ, ಜೀಪಿನ ಇಡೀ ಬಾಡಿಯನ್ನೇ ಹೊಸ ಶೀಟಿನಲ್ಲಿ ಕಟ್ಟಿ ಲಾರಿಗೆ ಹೇರುತ್ತಾರೆ. ಅದಕ್ಕೇ ಯಾರಾದರೂ ಜೀಪು ನೋಡಲು ಕರೆದರೆ ನಾನು ಅವರ ಹತ್ತಿರ ಕೇಳುವ ಮೊದಲ ವಸ್ತು ಒಂದು ಗೋಣಿಚೀಲ. ನೆಲಕ್ಕೆ ಹಾಸಿ ಗಾಡಿಯ ಕೆಳಗೆ ಮಲಗಬೇಕಲ್ಲ. ಬಾಡಿ ಬದಲಾಗಿರಬಹುದು, ಎಂಜಿನ್ನಂತೂ ಬಹುತೇಕ ಬದಲಾಗಿಯೇ ಇರುತ್ತದೆ. ಇವೆರಡನ್ನೂ ಹೊರುವ ಕೆಳಗಿನ ಉಕ್ಕಿನ ಚೌಕಟ್ಟೇ ಚಾಸಿ. ಅದು ಅಸಲಿಯಾಗಿದ್ದರೆ ಅದು ಆ ಜೀಪು, ಇಲ್ಲವಾದರೆ ಬೇರೆ ಗಾಡಿ.

ನನ್ನ ಹೊಟ್ಟೆಪಾಡಿನ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿ, ಪ್ರೆಸ್ ಟೂಲ್, ಅಂದರೆ ಪ್ರೆಸ್ ಯಂತ್ರದಲ್ಲಿ ಶೀಟಿಗೆ ತೂತು, ಆಕಾರ ಕೊಡುವ ಅಚ್ಚು, ಮಾಡುವುದು. ಶೀಟಿಗೆ ಪಂಚ್ ಹೊಡೆದಾಗ ಲೋಹ ಹೇಗೆ ಹರಿಯುತ್ತದೆ, ಎಲ್ಲಿ ಹೊಳೆಯುತ್ತದೆ, ಎಲ್ಲಿ ಹರಿದು ಒರಟಾಗುತ್ತದೆ ಅನ್ನುವುದನ್ನು ದಿನಾ ನೋಡುವವನು. ಜೀಪಿನ ಚಾಸಿ ಓದಲು ನನಗೆ ದಾರಿ ತೋರಿಸಿದ್ದೂ ಈ ಕೆಲಸವೇ. ಅನೇಕರು ನಂಬರಿನಿಂದ ಶುರುಮಾಡುತ್ತಾರೆ. ನಾನು ನಂಬರನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ನಂಬರನ್ನು ಯಾರು ಬೇಕಾದರೂ ಕೊರೆಯಬಹುದು. ಚಾಸಿಯ ಉದ್ದಕ್ಕೂ ಇರುವ ತೂತುಗಳನ್ನೆಲ್ಲ ಕಾರ್ಖಾನೆಯ ಹಾಗೆಯೇ ಮತ್ತೆ ಹೊಡೆಯಬೇಕೆಂದರೆ ಅದಕ್ಕೆ ಡೈ ಬೇಕು, ಪ್ರೆಸ್ ಬೇಕು. ಅಷ್ಟು ಖರ್ಚು ಯಾರೂ ಮಾಡುವುದಿಲ್ಲ.

ಹಿನ್ನೆಲೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎರಡು ಕಂಪನಿಗಳು ಒಂದೇ ನಕ್ಷೆಯ ಜೀಪು ಕಟ್ಟಿದವು. ವಿಲ್ಲಿಸ್ ಕಂಪನಿಯದು ಎಂಬಿ, ಸುಮಾರು 3 ಲಕ್ಷ 60 ಸಾವಿರ ಗಾಡಿ. ಫೋರ್ಡ್ ಕಂಪನಿಯದು ಜಿಪಿಡಬ್ಲ್ಯು, ಸುಮಾರು 2 ಲಕ್ಷ 80 ಸಾವಿರ. ಯುದ್ಧ ಮುಗಿದ ಮೇಲೆ ಇಲ್ಲಿ ಡಿಸ್ಪೋಸಲ್‌ನಲ್ಲಿ, ಅಂದರೆ ಸೇನೆಗೆ ಬೇಡವಾಯಿತೆಂದು, ಮಾರಿದ ಗಾಡಿಗಳಲ್ಲಿ ಇವೆರಡೂ ಬೆರೆತಿದ್ದವು. ನಮ್ಮ ಕಡೆ ಎರಡನ್ನೂ 'ವಿಲ್ಲಿಸ್' ಅಂತಲೇ ಕರೆದರು. ಆಮೇಲೆ 1949ರಲ್ಲಿ ಮಹೀಂದ್ರ ಮುಂಬೈಯ ಮಝಗಾಂವ್‌ನಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿತು. ನಮ್ಮ ಹಳ್ಳಿಗಳಲ್ಲಿ ಹೆಚ್ಚು ಓಡಾಡಿದ ಹೈ ಬಾನೆಟ್ ಜೀಪು ಆ ಸಾಲಿನಿಂದ ಬಂದದ್ದು. ಅದರ ಹೆಸರು ಸಿಜೆ 3ಬಿ. ಈ ಮೂರಕ್ಕೂ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 80 ಇಂಚು, ಅಂದರೆ 2032 ಮಿಲಿಮೀಟರ್. ಎಂಎಂ 540ಯಂಥ ಉದ್ದನೆಯ ಮಹೀಂದ್ರಕ್ಕೆ 91 ಇಂಚು. ಈ 11 ಇಂಚನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗೋಣಿಚೀಲ ಹಾಸಿ ಮಲಗಿದ ಕೂಡಲೇ ನಾನು ನೋಡುವುದು ರೇಡಿಯೇಟರಿನ ಕೆಳಗಿನ ಕ್ರಾಸ್ ಮೆಂಬರನ್ನು, ಅಂದರೆ ಚಾಸಿಯ ಎಡಬಲದ ಉದ್ದನೆಯ ತೊಲೆಗಳನ್ನು (ಚಾನೆಲ್ಲುಗಳನ್ನು) ಕೂಡಿಸುವ ಅಡ್ಡ ತುಂಡನ್ನು. ವಿಲ್ಲಿಸ್ ಎಂಬಿಗೆ ಅಲ್ಲಿ ದುಂಡನೆಯ ಪೈಪು ಇರುತ್ತದೆ. ಫೋರ್ಡ್ ಜಿಪಿಡಬ್ಲ್ಯುಗೆ ಬೋರಲು ಹಾಕಿದ 'ಯು' ಆಕಾರದ ಪಟ್ಟಿ. 1942ರ ಆರಂಭದಲ್ಲಿ ಬಂದ ಮೊದಮೊದಲ ಫೋರ್ಡ್ ಗಾಡಿಗಳಿಗೆ ಮಾತ್ರ ವಿಲ್ಲಿಸ್ ಥರದ ಪೈಪಿನ ಚಾಸಿಯೇ ಇತ್ತು. ಹಾಗಾಗಿ ಪೈಪು ಕಂಡಿತು ಅಂತ ಕೂಡಲೇ ವಿಲ್ಲಿಸ್ ಎಂದು ಬರೆದುಕೊಳ್ಳುವುದಿಲ್ಲ. ಇನ್ನೊಂದು ಮಾತು. ಮುಂದೆ ಡಿಕ್ಕಿ ಹೊಡೆದ ಗಾಡಿಯಲ್ಲಿ ಮೊದಲು ಹಾಳಾಗುವುದೇ ಈ ಕ್ರಾಸ್ ಮೆಂಬರ್. ಆಮೇಲೆ ನೀರಿನ ಪೈಪು ತಂದು ಕೂಡಿಸಿದವರೂ ಇದ್ದಾರೆ. ಪೈಪಿನ ಎರಡೂ ತುದಿ ಚಾಸಿಗೆ ಸೇರುವ ರೀತಿ ಒಂದೇ ಥರ ಇದೆಯೇ, ಸುತ್ತ ಹಳೆಯ ಖಾಲಿ ತೂತುಗಳು ಉಳಿದಿವೆಯೇ ಅಂತ ನೋಡಬೇಕು.

ಬೋಲ್ಟಿನ ತಲೆಯ ಮೇಲಿನ 'ಎಫ್' ಗುರುತಿನ ಬಗ್ಗೆ ಎಲ್ಲರೂ ಉತ್ಸಾಹದಿಂದ ಕೇಳುತ್ತಾರೆ. ಫೋರ್ಡ್ ತನ್ನ ಬಿಡಿಭಾಗಗಳಿಗೆ ಆ ಅಕ್ಷರ ಒತ್ತುತ್ತಿತ್ತು, ನಿಜ. ಆದರೆ ಬೋಲ್ಟು ಒಂದು ಗಾಡಿಯಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ವಸ್ತು. ಚಾಸಿಯ ವಿಷಯದಲ್ಲಿ ಅದರ ಸಾಕ್ಷಿ ನನಗೆ ಸಾಲುವುದಿಲ್ಲ.

ಈಗ ತೂತುಗಳಿಗೆ ಬರೋಣ. ಇಲ್ಲಿ ನಾನು ಎಷ್ಟು ಹೊತ್ತು ಬೇಕಾದರೂ ಮಲಗಿರುತ್ತೇನೆ.

ಕಾರ್ಖಾನೆಯಲ್ಲಿ ಪಂಚ್ ಹೊಡೆದ ತೂತಿನ ಒಳಗೋಡೆ ಒಂದೇ ಸಮ ಇರುವುದಿಲ್ಲ. ಪಂಚ್ ಒಳಹೊಕ್ಕ ಬದಿಯಲ್ಲಿ ಅಂಚು ಸಣ್ಣಗೆ ಒಳಕ್ಕೆ ಬಾಗಿ ಮೃದುವಾಗಿರುತ್ತದೆ. ಅದರ ಕೆಳಗೆ ನುಣುಪಾದ ಪಟ್ಟಿ. ಅದರಾಚೆ ಲೋಹ ಹರಿದು ಒರಟಾದ ಭಾಗ. ಹೊರಬಿದ್ದ ಬದಿಯಲ್ಲಿ ತೂತು ಕೂದಲೆಳೆಯಷ್ಟು ದೊಡ್ಡದು. ಡ್ರಿಲ್ ಹೊಡೆದ ತೂತು ಹಾಗಲ್ಲ. ಅದರ ಗೋಡೆ ಮೇಲಿನಿಂದ ಕೆಳಗೆ ಒಂದೇ ಸಮ, ಅದರಲ್ಲಿ ಸುತ್ತು ಗೆರೆಗಳು. ಗ್ಯಾಸ್ ಕಟ್ಟರಿನಲ್ಲಿ ಕೊರೆದ ತೂತಂತೂ ಬೆರಳಿಗೇ ಗೊತ್ತಾಗುತ್ತದೆ: ವಕ್ರ ಅಂಚು, ಕೆಳಗೆ ಹೆಪ್ಪುಗಟ್ಟಿದ ಕಿಟ್ಟದ ಹನಿ. ಎಂಬತ್ತು ವರ್ಷದ ತುಕ್ಕು ಹೊರಗಿನ ಗುರುತನ್ನೆಲ್ಲ ತಿಂದಿರಬಹುದು. ಆದರೆ ಗೇರ್‌ಬಾಕ್ಸಿನ ಅಕ್ಕಪಕ್ಕ, ಎಂಜಿನ್ ಕೆಳಗೆ, ಎಣ್ಣೆ ಜಿನುಗಿ ಜಿನುಗಿ ಮಣ್ಣು ಮೆತ್ತಿಕೊಂಡ ಜಾಗದಲ್ಲಿ ಅಸಲಿ ಲೋಹ ಹಾಗೇ ಉಳಿದಿರುತ್ತದೆ. ಆ ಹಳೆ ಕೊಳೆಯನ್ನು ಕಂಡರೆ ನನಗೆ ಖುಷಿ. ಮಾರುವ ಮೊದಲು ಚೆನ್ನಾಗಿ ತೊಳೆಸಿ ಕಪ್ಪು ಬಣ್ಣ ಹೊಡೆದು ನಿಲ್ಲಿಸಿದ ಚಾಸಿ ಕಂಡರೆ ಅನುಮಾನ.

ತೂತುಗಳಲ್ಲೆಲ್ಲ ಹೆಚ್ಚು ಮಾತಾಡುವುದು ಸ್ಟಿಯರಿಂಗ್ ಬಾಕ್ಸಿನವು. ಯುದ್ಧಕಾಲದ ಎಂಬಿ, ಜಿಪಿಡಬ್ಲ್ಯು ಎರಡಕ್ಕೂ ಸ್ಟಿಯರಿಂಗ್ ಎಡಗಡೆ. ಮಹೀಂದ್ರದ ಅನೇಕ ಗಾಡಿಗಳಿಗೆ ಬಲಗಡೆ. ಡಿಸ್ಪೋಸಲ್ ಜೀಪುಗಳಲ್ಲಿ ಅನೇಕದರ ಸ್ಟಿಯರಿಂಗನ್ನು ಆಮೇಲೆ ಬಲಕ್ಕೆ ತಂದಿದ್ದಾರೆ. ಹಾಗೆ ತಂದ ಚಾಸಿಯಲ್ಲಿ ಎಡಗಡೆಯ ಚಾನೆಲ್ಲಿನಲ್ಲಿ ಪಂಚ್ ಹೊಡೆದ ತೂತುಗಳು ಖಾಲಿ ಬಿದ್ದಿರುತ್ತವೆ, ಬಲಗಡೆ ಡ್ರಿಲ್ಲಿನ ಅಥವಾ ಗ್ಯಾಸಿನ ತೂತುಗಳು ಇರುತ್ತವೆ. 'ಮಿಲಿಟರಿ ವಿಲ್ಲಿಸ್' ಅಂತ ತೋರಿಸಿದ ಗಾಡಿಯ ಬಲಗಡೆ ಚಾನೆಲ್ಲಿನಲ್ಲಿ ಶುದ್ಧ ಪಂಚಿನ ತೂತು, ಎಡಗಡೆ ಏನೂ ಇಲ್ಲ ಅಂದರೆ ಅದು ಮಹೀಂದ್ರದ ಚಾಸಿ. ಮಹೀಂದ್ರ ಚಾಸಿ ಕೀಳು ಅಂತಲ್ಲ. ನಮ್ಮ ಸೀಮೆಯ ಕಬ್ಬಿನ ಗದ್ದೆ, ಖಾನಾಪುರದ ಕಾಡು ಎರಡನ್ನೂ ತುಳಿದದ್ದು ಅವೇ ಗಾಡಿಗಳು. ಆದರೆ ಅದನ್ನು ಅದರ ಹೆಸರಿನಲ್ಲೇ ಮಾರಬೇಕು, ಅದರ ಬೆಲೆಗೇ ಕೊಳ್ಳಬೇಕು.

ತೂತು ಮುಗಿದ ಮೇಲೆ ರಿವೆಟ್ಟು. ಆ ಕಾಲದ ಚಾಸಿಯಲ್ಲಿ ಉದ್ದನೆಯ ಎರಡು ಚಾನೆಲ್ಲುಗಳಿಗೆ ಅಡ್ಡ ಪಟ್ಟಿಗಳನ್ನು ಮುಖ್ಯವಾಗಿ ರಿವೆಟ್ಟಿನಿಂದಲೇ ಕೂಡಿಸಿದ್ದಾರೆ. ಗೇರ್‌ಬಾಕ್ಸನ್ನು ಹೊರುವ ನಡುವಿನ ಕ್ರಾಸ್ ಮೆಂಬರ್ ಮಾತ್ರ ಬೋಲ್ಟಿನದು, ಗೇರ್‌ಬಾಕ್ಸ್ ಇಳಿಸಲು ಅದನ್ನು ಬಿಚ್ಚಬೇಕಲ್ಲ. ಅಲ್ಲಿ ಬೋಲ್ಟು ಕಂಡು ಗಾಬರಿಯಾಗಬೇಡಿ. ಬೇರೆ ಕಡೆ ಬೋಲ್ಟು ಕಂಡರೆ ಯಾರೋ ಒಮ್ಮೆ ಬಿಚ್ಚಿದ್ದಾರೆ. ರಿವೆಟ್ಟಿನ ಹಾಗೆ ಕಾಣಲೆಂದು ದುಂಡು ತಲೆಯ ಬೋಲ್ಟು ಹಾಕಿ, ಹಿಂದಿನ ನಟ್ಟನ್ನು ಉಜ್ಜಿ ಬೆಸುಗೆ ಹಾಕಿದ್ದನ್ನೂ ಕಂಡಿದ್ದೇನೆ. ಹೊರಗಿನ ತಲೆ ಮಾತ್ರ ನೋಡಿ ಎದ್ದು ಬಂದರೆ ಇದು ಗೊತ್ತಾಗುವುದಿಲ್ಲ. ಚಾನೆಲ್ಲಿನ ಒಳಕ್ಕೆ ಕೈಹಾಕಿ ಹಿಂಬದಿಯನ್ನು ಸವರಬೇಕು. ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಬಿಗಿ ರಿವೆಟ್ಟು ಒಂದೇ ಗಟ್ಟಿ ಸದ್ದು ಕೊಡುತ್ತದೆ. ಸಡಿಲಾದದ್ದರ ಸುತ್ತ ಕೆಂಪು ಪುಡಿ ಸೋರಿ ಗೆರೆ ಎಳೆದಿರುತ್ತದೆ.

ಬೆಸುಗೆಗೆ ಕಾಲದ ಗುರುತು ಇದೆ. ಕಡ್ಡಿಯ ಆರ್ಕ್ ವೆಲ್ಡಿಂಗ್ ಆಗಲೂ ಇತ್ತು. ಸುರುಳಿಯಿಂದ ತಂತಿ ತಾನಾಗಿ ಬರುವ ಸಿಓ2 ವೆಲ್ಡಿಂಗ್ ಯುದ್ಧ ಮುಗಿದ ಎಷ್ಟೋ ವರ್ಷದ ಮೇಲೆ ಬಂದದ್ದು. ಯುದ್ಧಕಾಲದ ಚಾಸಿಯ ಮೇಲೆ ಅದರ ಸಾಲು ಕಂಡರೆ ಅದು ರಿಪೇರಿ, ಬೇರೆ ಮಾತಿಲ್ಲ.

ಇದನ್ನೆಲ್ಲ ಒಂದೇ ಗಾಡಿಯಲ್ಲಿ ಕಂಡದ್ದು ಬೈಲಹೊಂಗಲ ಕಡೆಯ ಒಂದು ಹಳ್ಳಿಯಲ್ಲಿ. ಅಜ್ಜ ಡಿಸ್ಪೋಸಲ್‌ನಲ್ಲಿ ಕೊಂಡ ಜೀಪು. ಮೊಮ್ಮಕ್ಕಳಿಗೆ ಅದನ್ನು ವಿಂಟೇಜ್ ಅಂತ ನೋಂದಾಯಿಸುವ ಆಸೆ. ನನ್ನ ಜೊತೆ ನಮ್ಮ ಊರಿನ ಹಿರಿಯ ವೆಲ್ಡರ್ ಚಾಚಾ ಬಂದಿದ್ದರು. ವೀಲ್‌ಬೇಸಿಗೆ, ಅಂದರೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ, ಟೇಪು ಹಿಡಿದರೆ ಎಡಗಡೆ ಸರಿಯಾಗಿ 80 ಇಂಚು, ಬಲಗಡೆ ಅರ್ಧ ಇಂಚು ಕಡಿಮೆ. ಇಷ್ಟಕ್ಕೇ ಚಾಸಿಯನ್ನು ದೂರಲಾಗದು. ಕಮಾನು ಪಟ್ಟಿಯ ಸೆಂಟರ್ ಬೋಲ್ಟು ಮುರಿದಿದ್ದರೆ ಆಕ್ಸಲ್ ಜರುಗಿ ಇದೇ ಲೆಕ್ಕ ಬರುತ್ತದೆ. ಅದಕ್ಕೆ ಕಮಾನು ಪಟ್ಟಿ ಚಾಸಿಗೆ ಸೇರುವ ಹ್ಯಾಂಗರ್ ಪಿನ್ನುಗಳಿಂದ ದಾರಕ್ಕೆ ಗುಂಡು ಕಟ್ಟಿ ನೆಲಕ್ಕೆ ಇಳಿಬಿಟ್ಟು, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಗಾಡಿ ಹಿಂದೆ ತಳ್ಳಿ, ನೆಲದ ಮೇಲಿನ ಗುರುತುಗಳನ್ನೇ ಉದ್ದಕ್ಕೂ ಮೂಲೆಯಿಂದ ಮೂಲೆಗೂ ಅಳೆದೆ. ಅಲ್ಲೂ ಅರ್ಧ ಇಂಚು ಕಡಿಮೆಯೇ ಬಂತು. ಅಂದರೆ ಊನ ಚಾಸಿಯಲ್ಲೇ.

ಚಾಚಾ ಗೇರ್‌ಬಾಕ್ಸಿನ ಹಿಂದೆ ಆಯಸ್ಕಾಂತ ಆಡಿಸುತ್ತಿದ್ದವರು ಕೈ ನಿಲ್ಲಿಸಿದರು.

"ಇಲ್ಲಿ ಬಾ ತಮ್ಮಾ. ಇಲ್ಲಿ ಹಿಡ್ಯಾಕತ್ತಿಲ್ಲ. ಲಾಂಬಿ ತುಂಬ್ಯಾರ." ಲಾಂಬಿ ಅಂದರೆ ತಗ್ಗು ಮುಚ್ಚಲು ಮೆತ್ತುವ ಪುಟ್ಟಿ.

"ಹೊರಗ ಎಲ್ಲಾ ನುಣುಪ ಐತಲ್ರಿ ಚಾಚಾ."

"ಹೊರಗ ಗ್ರೈಂಡರ್ ಹೊಡದಾರ. ಒಳಗ ಗ್ರೈಂಡರ್ ಹೋಗೂದಿಲ್ಲ. ಕೈ ಹಾಕಿ ನೋಡು."

ಚಾನೆಲ್ಲಿನ ಒಳಗೆ ಬೆರಳಿಗೆ ಬೆಸುಗೆಯ ದಪ್ಪ ಸಾಲು ಸಿಕ್ಕಿತು. ಅಲ್ಲಿಂದ ಮುಂದಿನದು ಅಸಲಿ, ಹಿಂದಿನದು ಎಲ್ಲಿಂದಲೋ ಬಂದದ್ದು. ಮನೆಯ ಹಿರಿಯರನ್ನು ಕೇಳಿದಾಗ ವಿಷಯ ತಾನಾಗಿ ಬಿಚ್ಚಿತು. ಸೀಟು ಹೊಡೆಯುವ ಕಾಲದಲ್ಲಿ ಹೆಚ್ಚು ಜನರನ್ನು ಕೂರಿಸಲು ಚಾಸಿ ಕೊಯ್ದು ಉದ್ದ ಮಾಡಿಸಿದ್ದರಂತೆ. ಮುಂದೆ ಅದನ್ನು ಮತ್ತೆ ಕಡಿದು ಗಿಡ್ಡ ಮಾಡಿಸಿದ್ದಾರೆ. ಉದ್ದನೆಯ ಮಹೀಂದ್ರದಿಂದ 11 ಇಂಚು ಕಡಿದು ಲೋ ಬಾನೆಟ್ ಬಾಡಿ ಕೂರಿಸುವವರೂ ಇದೇ ಜಾಗದಲ್ಲಿ, ಗೇರ್‌ಬಾಕ್ಸಿನ ಹಿಂದೆ, ಕೊಯ್ಯುತ್ತಾರೆ. ಆದ್ದರಿಂದ ಬೇರೆ ಎಲ್ಲಿ ನೋಡದಿದ್ದರೂ ಅಲ್ಲಿ ಒಳಗೆ ಕೈಹಾಕಲೇಬೇಕು.

ಮುಂದಿನ ಭಾಗ ಮಾತ್ರ ಕಣ್ಣಿಗೆ ಹಬ್ಬವಾಗಿತ್ತು. ಬೋರಲು 'ಯು' ಪಟ್ಟಿ, ಎಡಕ್ಕೆ ಪಂಚಿನ ತೂತು, ಬಲಕ್ಕೆ ಗ್ಯಾಸಿನ ತೂತು, ಒಂದೂ ಕದಲದ ರಿವೆಟ್ಟುಗಳು. ಆಗ ನಂಬರ್ ಹುಡುಕಲು ಕೂತೆ. ವಿಲ್ಲಿಸ್ ಎಂಬಿಯಲ್ಲಿ ನಂಬರು ಮುಂದಿನ ಬಂಪರಿನ ಹಿಂದೆ, ಎಡಗಡೆಯ ಚಾನೆಲ್ಲಿನ ಒಳಬದಿಗೆ ರಿವೆಟ್ ಮಾಡಿದ ಸಣ್ಣ ಪ್ಲೇಟಿನ ಮೇಲೆ ಇರುತ್ತದೆ. ಪ್ಲೇಟು ಕಳೆದುಹೋಗಿದ್ದರೂ ಅದರ ತೂತುಗಳು ಉಳಿಯುತ್ತವೆ. ಫೋರ್ಡಿನಲ್ಲಿ ಎಡಗಡೆಯ ಚಾನೆಲ್ಲಿನ ಮೇಲ್ಮೈಗೆ, ಎಂಜಿನ್ ಪಕ್ಕದಲ್ಲಿ, ಜಿಪಿಡಬ್ಲ್ಯು ಎಂದು ಅಕ್ಷರ ಸೇರಿಸಿ ನೇರ ಲೋಹಕ್ಕೇ ಹೊಡೆದಿರುತ್ತದೆ. ಅದೇ ನಂಬರು ಮೂಲ ಎಂಜಿನ್ನಿನ ಮೇಲೂ ಇರುತ್ತಿತ್ತು.

ನಂಬರಿನ ಜಾಗಕ್ಕೆ ನಾನು ಗ್ರೈಂಡರ್ ತಾಗಿಸುವುದಿಲ್ಲ, ಕಂಬಿ ಬ್ರಷ್ಷನ್ನೂ ಗಟ್ಟಿಯಾಗಿ ಒತ್ತುವುದಿಲ್ಲ. ಬಣ್ಣ ತೆಗೆಯುವ ರಿಮೂವರ್ ಸವರಿ, ಮೆದುವಾದ ಮೇಲೆ ಮರದ ಚಕ್ಕೆಯಿಂದ ಪದರ ಪದರವಾಗಿ ಎತ್ತಿ, ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತೇನೆ. ಕತ್ತಲಾದ ಮೇಲೆ ಬ್ಯಾಟರಿಯನ್ನು ಲೋಹಕ್ಕೆ ತಾಗುವಷ್ಟು ಓರೆಯಾಗಿ ಹಿಡಿದರೆ ಹಗಲಿನಲ್ಲಿ ಕಾಣದ ಅಂಕಿ ನೆರಳಿನಿಂದ ಮೇಲೇಳುತ್ತದೆ. ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಳ್ಳುವುದು ಆರ್‌ಟಿಓದವರೂ ಮಾಡುವ ಕೆಲಸವೇ. ಬೈಲಹೊಂಗಲದ ಜೀಪಿನಲ್ಲಿ ಹೀಗೆ ಸಿಕ್ಕ ಅಂಕಿ ಹಳೆ ಆರ್‌ಸಿ ಪುಸ್ತಕದ ಚಾಸಿ ನಂಬರಿಗೆ ಸರಿಹೊಂದಿತು. ಹಳೆ ಕಾಗದ ಹುಡುಕುವವರಿಗೆ ಒಂದು ಸೂಚನೆ: 1956ರ ನವೆಂಬರ್ 1ರವರೆಗೆ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು, ಅದಕ್ಕಿಂತ ಹಿಂದಿನ ನೋಂದಣಿ ಆ ರಾಜ್ಯದ ಹೆಸರಿನಲ್ಲೇ ಇರುತ್ತದೆ.

ಅಂಕಿ ಪೂರ್ತಿ ಉಜ್ಜಿಹೋಗಿದ್ದರೆ ಅಲ್ಲಿಗೆ ನನ್ನ ಕೆಲಸ ನಿಲ್ಲುತ್ತದೆ. ಅಚ್ಚು ಹೊಡೆದಾಗ ಲೋಹ ಅಂಕಿಯ ತಳಕ್ಕಿಂತ ಆಳದವರೆಗೂ ಅದುಮಿರುತ್ತದೆ. ಮೇಲ್ಮೈ ಉಜ್ಜಿದರೂ ಅದುಮಿದ ಗುರುತು ಒಳಗೆ ಉಳಿದಿರುತ್ತದೆ, ಅದನ್ನು ರಾಸಾಯನಿಕದಿಂದ ಎಬ್ಬಿಸುವುದು ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಆಸಿಡ್ ಹಾಕಿದರೆ ಉಳಿದ ಸಾಕ್ಷಿಯೂ ಹೋಗುತ್ತದೆ. ಮತ್ತೆ ನಂಬರ್ ಹೊಡೆಯುವುದಂತೂ ಅಪರಾಧ. ಯಾರು ಎಷ್ಟು ಹಣ ಕೊಡುತ್ತೇನೆಂದರೂ ನನ್ನ ಅಂಗಡಿಯ ಅಚ್ಚು ಆ ಕೆಲಸಕ್ಕೆ ಸಿಗುವುದಿಲ್ಲ.

2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ದೊಡ್ಡ ಬದಲಾವಣೆ ಆಗದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ದಿನನಿತ್ಯ ಓಡಿಸುವಂತಿಲ್ಲ. ಕೊಯ್ದು ಕೂಡಿಸಿದ ಚಾಸಿ 'ಮೂಲ ರೂಪ' ಹೌದೋ ಅಲ್ಲವೋ ಎಂದು ಹೇಳುವುದು ನನ್ನ ಅಧಿಕಾರವಲ್ಲ. ಆ ಮನೆಯವರಿಗೆ ನಾನು ಬರೆದುಕೊಟ್ಟದ್ದು ಕಂಡಷ್ಟನ್ನೇ: ಮುಂಭಾಗ ಫೋರ್ಡ್ ಜಿಪಿಡಬ್ಲ್ಯು, ಗೇರ್‌ಬಾಕ್ಸಿನ ಹಿಂದೆ ಜೋಡಣೆ, ಹಿಂಭಾಗ ಬೇರೆ ಚಾಸಿಯದು. ಮುಚ್ಚಿಡದೆ ಇದನ್ನೇ ಅರ್ಜಿಯ ಜೊತೆ ಕೊಡಿ ಎಂದೆ.

ಹಳೆ ರಿಪೇರಿಯನ್ನೆಲ್ಲ ಕಿತ್ತು ಹೊಸದು ಹಾಕಿಸುವ ಚಟ ಈಗ ಹೆಚ್ಚಾಗಿದೆ. ನನಗೆ ಅದು ಸರಿ ಕಾಣುವುದಿಲ್ಲ. ಬಿರುಕಿಲ್ಲದ, ಬಿಗಿಯಾಗಿ ನಿಂತ ಹಳೆ ತೇಪೆ ಆ ಗಾಡಿ ದುಡಿದದ್ದರ ದಾಖಲೆ. ಆದರೆ ಬೈಲಹೊಂಗಲದ ಜೋಡಣೆಯ ಮಾತು ಬೇರೆ. ಲಾಂಬಿ ಕೆತ್ತಿದಾಗ ಅದರಡಿ ಬೆಸುಗೆಯಲ್ಲೇ ಬಿರುಕು ಇತ್ತು. ಚಾಚಾ ಅದನ್ನು ಬಿಡಿಸಿ, ಅಳತೆ ಸರಿಮಾಡಿ, ಒಳಗಿನಿಂದ ಪ್ಲೇಟು ಕೊಟ್ಟು ಮತ್ತೆ ಕೂಡಿಸಿದರು. ಹೊರಗಿನ ಸಾಲನ್ನು ಉಜ್ಜಿ ಮುಚ್ಚಬೇಡಿ ಎಂದು ನಾನು ಹೇಳಿದ್ದೆ, ಮುಂದೆ ನೋಡುವವರಿಗೆ ಜೋಡಣೆ ಎದ್ದು ಕಾಣಬೇಕು.

ಮನೆಯವರು ಬಣ್ಣದ ಬಗ್ಗೆ ಕೇಳಿದರು. ಪೌಡರ್ ಕೋಟಿಂಗ್ ಬೇಡ ಎಂದೆ. ಅದು ದಪ್ಪಗೆ ಕೂತು ತೂತಿನ ಅಂಚು, ರಿವೆಟ್ಟಿನ ಸುತ್ತು, ಅಂಕಿಯ ತಳ ಎಲ್ಲವನ್ನೂ ತುಂಬಿಬಿಡುತ್ತದೆ, ಒಳಗೆ ತುಕ್ಕು ಶುರುವಾದರೂ ತಿಳಿಯುವುದಿಲ್ಲ. ಕೈಯಲ್ಲಿ ಹಚ್ಚಿದ ರೆಡ್ ಆಕ್ಸೈಡು, ಅದರ ಮೇಲೆ ತೆಳುವಾದ ಒಂದು ಪದರ ಬಣ್ಣ ಸಾಕು. ನಂಬರ್ ಇರುವ ಗೇಣುದ್ದದ ಜಾಗಕ್ಕೆ ಅದೂ ಬೇಡ, ಗ್ರೀಸ್ ಸವರಿ, ಮಳೆಗಾಲ ಮುಗಿದ ಮೇಲೆ ಒರೆಸಿ ಮತ್ತೆ ಸವರಿ.