ರಾತ್ರಿ ಹತ್ತರ ಮ್ಯಾಲ ಡಾಲ್ಬಿ, ಓಣ್ಯಾಗ ಕತ್ತಲಿ: ವಿಜಯಪುರದಾಗ ಅರ್ಜಿ ಯಾರಿಗೆ ಕೊಡಬೇಕು, ಹ್ಯಾಂಗ ಕೊಡಬೇಕು

ನಮ್ಮ ಮನಿ ಹಿಂದ ಒಂದು ಮಂಗಲ ಕಾರ್ಯಾಲಯ ಐತಿ. ಮಾರ್ಚ್ ಬಂತಂದ್ರ ಲಗ್ನದ ಸೀಜನ್ನೂ ಅದ ಹೊತ್ತಿಗೆ, ಮಕ್ಕಳ ಪರೀಕ್ಷಾನೂ ಅದ ಹೊತ್ತಿಗೆ. ಎರಡು ವರ್ಷದ ಹಿಂದ ಮಗಳು ಪಿಯುಸಿ ಓದಾಕತ್ತಿದ್ಲು, ರಾತ್ರಿ ಹನ್ನೊಂದಕ್ಕ ಡಾಲ್ಬಿ ಶುರು ಆತಂದ್ರ ಕಿಟಕಿ ಗಾಜು ನಡಗಾವು, ನಮ್ಮ ಅತ್ತಿಯವರು ಎದಿ ಮ್ಯಾಲ ಕೈ ಇಟ್ಕೊಂಡು ಹಾಸಿಗಿ ಮ್ಯಾಲ ಎದ್ದು ಕುಂದರತಿದ್ರು. ಸಿಕ್ಕ ಸಿಕ್ಕ ನಂಬರಿಗೆ ಫೋನ್ ಮಾಡಿದ್ವಿ, ಒಬ್ರು ಅಲ್ಲಿ ಕೇಳ್ರಿ ಅಂದ್ರು, ಅಲ್ಲಿ ಕೇಳಿದ್ರ ಅದು ನಮಗ ಬರೂದಿಲ್ರಿ ಅಂದ್ರು, ಹಂಗ ಒಂದು ಸೀಜನ್ ಪೂರ್ತಿ ಹೋತು. ಮುಂದ ನಮ್ಮ ಓಣ್ಯಾಗಿನ ಕಾಕಾ ಒಬ್ರು, ಸರ್ಕಾರಿ ನೌಕರಿ ಮಾಡಿ ರಿಟೈರ್ ಆದವರು, ಕಟ್ಟಿ ಮ್ಯಾಲ ಕುಂಡ್ರಿಸ್ಕೊಂಡು ಹೇಳಿದ್ರು, "ತಂಗೀ, ಬಾಯಿಲೆ ಹೇಳಿದ್ದು ಯಾರ ಫೈಲಿನ್ಯಾಗೂ ಇರಂಗಿಲ್ಲ, ಕಾಗದಾ ಮಾಡು, ಸಿಕ್ಕಾ ಹಾಕಿಸ್ಕೊ, ಆಮ್ಯಾಲ ನೋಡು." ಅವತ್ತಿಂದ ಕಲತದ್ದನ್ನ ಇಲ್ಲಿ ಬರದೀನಿ, ನಿಮಗ ಒಂದು ಸೀಜನ್ ಉಳೀಲಿ ಅಂತ.

ಮೊದಲ ಯಾರ ಕೆಲಸ ಅಂತ ತಿಳ್ಕೋರಿ

ಅರ್ಧ ಅರ್ಜಿ ಕೆಡೋದ ಇಲ್ಲಿ. ಮೈಕು, ಡಾಲ್ಬಿ, ರಾತ್ರಿ ಪಟಾಕಿ ಅಂದ್ರ ಪೊಲೀಸರ ಕಡೆ. ಬೀದಿ ಲೈಟ್, ಒಡದ ಚೇಂಬರ್ ಮುಚ್ಚಳ, ಗಟಾರ, ರಸ್ತೆದಾಗಿನ ತೆಗ್ಗು, ನಾಯಿ ಕಾಟ, ಜಾಲಿ ಬೆಳದ ಖಾಲಿ ಪ್ಲಾಟು ಇವೆಲ್ಲಾ ಮಹಾನಗರ ಪಾಲಿಕಿ. ಜೋತು ಬಿದ್ದ ವಾಯರ್, ಟಿಸಿ (ಟ್ರಾನ್ಸ್‌ಫಾರ್ಮರ್) ಕಿಡಿ ಹಾರೋದು ಕರೆಂಟಿನ ಕಂಪನಿ ಹೆಸ್ಕಾಂ, ಅದಕ್ಕ 1912. ಸೈಲೆನ್ಸರ್ ತಗದು ಢಬ ಢಬ ಅಂತ ಓಡಾಡೋ ಬೈಕು ಟ್ರಾಫಿಕ್ ಪೊಲೀಸರಿಗೆ, ಮೋಟಾರು ವಾಹನ ಕಾಯ್ದೆ 190ನೇ ಕಲಂದಾಗ ಇದಕ್ಕ 10,000 ರೂಪಾಯಿ ತನಕ ದಂಡ ಐತಿ, ಗಾಡಿ ನಂಬರ್ ಬರಕೊಂಡಿದ್ರ ಮಾತ್ರ ಅವರಿಗೆ ಏನರ ಮಾಡಾಕ ಬರತೈತಿ.

ಇನ್ನೊಂದು, ನಿಮ್ಮ ಜಾಗಾ ಯಾರ ಹದ್ದಿನ್ಯಾಗ ಬರತೈತಿ ನೋಡ್ಕೋರಿ. ವಿಜಯಪುರ ಪಾಲಿಕಿಗೆ 35 ವಾರ್ಡ್, ಆದ್ರ ಊರ ಹೊರಗಿನ ಹೊಸಾ ಲೇಔಟ್ ಎಷ್ಟೋ ಇನ್ನ ಪಾಲಿಕಿಗೆ ಹಸ್ತಾಂತರ ಆಗಿರಂಗಿಲ್ಲ, ಕೆಲವು ಪಂಚಾಯತಿಯೊಳಗ ಇರತಾವ, ಅಲ್ಲಿ ಲೈಟ್ ಬೇಕು ಅಂತ ಪಾಲಿಕಿಗೆ ಎಷ್ಟು ಅರ್ಜಿ ಕೊಟ್ರೂ ವಾಪಸ್ ಬರತೈತಿ. ಬಾಗಲಕೋಟಿ ನವನಗರದವರು ತಮ್ಮ ಸೆಕ್ಟರಿನ ಆ ಕೆಲಸ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಡೆ ಐತೋ ನಗರಾಡಳಿತದ ಕಡೆ ಐತೋ ಕೇಳ್ಕೋರಿ. ಬೆಳಗಾವಿ ಕ್ಯಾಂಪ್ ಏರಿಯಾದವರಿಗೆ ಕಂಟೋನ್ಮೆಂಟ್ ಬೋರ್ಡ್, ಪಾಲಿಕಿ ಅಲ್ಲ. ಬೆಳಗಾವಿ ಸಿಟ್ಯಾಗ ಪೊಲೀಸ್ ಕಮಿಷನರ್ ಇದ್ದಾರ, ನಮ್ಮಲ್ಲಿ ಎಸ್‌ಪಿ ಸಾಹೇಬ್ರು, ಅರ್ಜಿ ಮ್ಯಾಲಿನ ವಿಳಾಸ ಅದರ ಪ್ರಕಾರ ಬರೀರಿ.

ಶಬ್ದದ ಕಾನೂನು, ಇದನ್ನ ಬಾಯಿಪಾಠ ಮಾಡ್ಕೋರಿ

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ಅಂತ ಅದಾವ, ಕೇಂದ್ರ ಸರ್ಕಾರದ್ದು, ದೇಶಕ್ಕೆಲ್ಲಾ ಲಾಗೂ. ಮನಿಗಳಿರೋ ಏರಿಯಾದಾಗ ಹಗಲಿಗೆ 55 ಡೆಸಿಬಲ್, ರಾತ್ರಿ 45. ಬಜಾರದಾಗ 65 ಮತ್ತ 55. ದವಾಖಾನಿ, ಸಾಲಿ ಕಾಲೇಜು, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50 ಮತ್ತ 40. ರಾತ್ರಿ ಅಂದ್ರ ಹತ್ತರಿಂದ ಮುಂಜಾನಿ ಆರರ ತನಕ. ಧ್ವನಿವರ್ಧಕಕ್ಕ ಹಗಲಿನ್ಯಾಗೂ ಲಿಖಿತ ಪರವಾನಿಗಿ ಬೇಕು, ಇದು ಭಾಳ ಮಂದಿಗೆ ಗೊತ್ತ ಇಲ್ಲ.

ನಮ್ಮ ಕೈ ಗಟ್ಟಿ ಮಾಡಿದ್ದು ಒಂದು ಮಾತು: ರಾತ್ರಿ ಹತ್ತರ ಮ್ಯಾಲ ಬಯಲಾಗ ಡಾಲ್ಬಿ ಹಚ್ಚಿದ್ರ ಡೆಸಿಬಲ್ ಲೆಕ್ಕಾನ ಬೇಕಾಗಿಲ್ಲ, ಹಚ್ಚಿದ್ದ ತಪ್ಪು, ಗಡಿಯಾರ ತೋರಿಸಿದ್ರ ಸಾಕು. ಮುಚ್ಚಿದ ಹಾಲಿನ ಒಳಗ ಅಂದ್ರ ರಿಯಾಯಿತಿ ಐತಿ, ಆದ್ರ ಖಾಸಗಿ ಜಾಗಾದ ಸೌಂಡು ಅವರ ಕಂಪೌಂಡ್ ಗೋಡಿ ಹತ್ರ ಆ ಏರಿಯಾದ ಮಿತಿಗಿಂತ 5 ಡೆಸಿಬಲ್ ಹೆಚ್ಚಿಗಿ ದಾಟಂಗಿಲ್ಲ. ಹಬ್ಬಕ್ಕ ರಾಜ್ಯ ಸರ್ಕಾರ ವರ್ಷದಾಗ 15 ದಿನಕ್ಕ ಮೀರದಂಗ ರಾತ್ರಿ 12ರ ತನಕ ಬಿಡಬಹುದು, ಸಾಂಸ್ಕೃತಿಕ ಧಾರ್ಮಿಕ ಉತ್ಸವಕ್ಕ ಅಷ್ಟ, ಯಾರದರ ಮನಿ ಬರ್ತ್‌ಡೇಕ್ಕ ಅಲ್ಲ. ರಾತ್ರಿ ಹೊತ್ತು ಮನಿಗಳ ನಡುವ ಗದ್ದಲದ ಕಟ್ಟಡ ಮಷಿನ್ ಓಡಿಸಂಗಿಲ್ಲ, ಹಾರ್ನ್ ಹೊಡಿಯಂಗಿಲ್ಲ, ಸಪ್ಪಳದ ಪಟಾಕಿ ಹಚ್ಚಂಗಿಲ್ಲ. ನಮ್ಮ ಕಡಿ ಹೊಸಾ ಕಾಲನಿಗಳೊಳಗ ರಾತ್ರಿ ಎರಡರ ತನಕ ಬೋರ್ ಹೊಡಿಯೋ ಗಾಡಿ ನಿಂತಿರತೈತಿ ನೋಡ್ರಿ, ಅದಕ್ಕೂ ಇದ ನಿಯಮ ತೋರಿಸಿ ಕೇಳ್ರಿ. 2005ರ ಜುಲೈದಾಗ ಸುಪ್ರೀಂ ಕೋರ್ಟ್ ಸುದ್ದಾ ಶಬ್ದದ ಕಾಟ ಇಲ್ಲದ ಬಾಳು ಸಂವಿಧಾನದ 21ನೇ ವಿಧಿಯ ಜೀವಿಸೋ ಹಕ್ಕಿನ್ಯಾಗ ಬರತೈತಿ ಅಂತ ಹೇಳೈತಿ. ಅರ್ಜ್ಯಾಗ ಒಂದು ಸಾಲು ಇದನ್ನ ಬರದ್ರ ಓದೋರು ಸ್ವಲ್ಪ ನೆಟ್ಟಗ ಕುಂದರತಾರ.

ಪರವಾನಿಗಿ ಕೊಡಾಕ 2022ರ ಮೇದಾಗ ರಾಜ್ಯ ಸರ್ಕಾರ ಸಮಿತಿ ಮಾಡೈತಿ, ಕಮಿಷನರೇಟ್ ಇಲ್ಲದ ನಮ್ಮಂಥಾ ಊರಾಗ ಡಿವೈಎಸ್‌ಪಿ, ತಹಶೀಲ್ದಾರ್, ಮಾಲಿನ್ಯ ನಿಯಂತ್ರಣ ಮಂಡಳಿಯವರು ಇರತಾರ. ಅದಕ್ಕ ನಿಮ್ಮ ಅರ್ಜಿ ಡಿವೈಎಸ್‌ಪಿಯವರ ಹೆಸರಿಗೆ ಇರಲಿ, ಪ್ರತಿ ತಹಶೀಲ್ದಾರರಿಗೆ, ನಿಮ್ಮ ಠಾಣಿಗೆ.

ವಹಿ ಇಡ್ರಿ

ಒಂದು ನೂರು ಪುಟದ ನೋಟ್‌ಬುಕ್ ತಗೊಂಡು ತಾರೀಖು, ಶುರು ಆದ ಟೈಮ್, ನಿಂತ ಟೈಮ್, ಎಲ್ಲಿಂದ ಬಂತು, 112ಕ್ಕ ಎಷ್ಟಕ್ಕ ಫೋನ್ ಮಾಡಿದ್ರಿ, ಗಾಡಿ ಬಂತೋ ಇಲ್ಲೋ, ಬಂದು ಹೋದ ಮ್ಯಾಲ ಮತ್ತ ಶುರು ಆತೋ, ಇಷ್ಟು ಬರೀರಿ. ಮೊಬೈಲಿನ್ಯಾಗ ನಿಮ್ಮ ಮನಿ ಕಿಟಕಿ ಹತ್ರ ನಿಂತು ಒಂದು ನಿಮಿಷದ ವಿಡಿಯೋ, ಗ್ವಾಡಿ ಗಡಿಯಾರ ಕಾಣೋ ಹಂಗ. ಫೋನಿನ ಡೆಸಿಬಲ್ ಆ್ಯಪ್ ಅಂದಾಜಿಗೆ ಅಷ್ಟ, ಅದನ್ನ ಸಾಕ್ಷಿ ಅಂತ ನಂಬಬ್ಯಾಡ್ರಿ. ಸರಿಯಾದ ಮೀಟರಿನ ಅಳತಿ ಬೇಕಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಬ್ಯಾರೆ ಅರ್ಜಿ ಕೊಟ್ಟು ಕೇಳ್ರಿ. ಮದುವಿ ಮಂದಿ ಮುಖಕ್ಕ ಫೋನ್ ಹಿಡಿದು ವಿಡಿಯೋ ಮಾಡಾಕ ಮಾತ್ರ ಹೋಗಬ್ಯಾಡ್ರಿ, ಕುಡದವರು ಇರತಾರ, ಜಗಳ ಆತಂದ್ರ ನಾಳಿ ಠಾಣ್ಯಾಗ ಎರಡೂ ಪಾರ್ಟಿ ಮ್ಯಾಲ ಕಾಗದಾ ಆಗತೈತಿ.

ನಾವು ಆರು ವಾರ ಬರದ್ವಿ. "ಯಾವಾಗ್ಲೂ ಗದ್ದಲ ಇರತೈತಿ ಸರ್" ಅಂದಾಗ ತಲಿ ಎತ್ತಿ ನೋಡದವರು, ಒಂಬತ್ತು ರಾತ್ರಿಯ ತಾರೀಖು ಟೈಮಿನ ಜೋಡಿ ಪಟ್ಟಿ ಮುಂದ ಇಟ್ಟಾಗ ಕುರ್ಚಿ ಎಳದು ಕುಂದರ್ರಿ ಅಂದ್ರು.

ಅರ್ಜಿ ಬರಿಯೋದು

ಒಂದ ಪುಟ, ಒಂದ ವಿಷಯ. ಲೈಟು, ಗಟಾರ, ಡಾಲ್ಬಿ, ನಾಯಿ ಎಲ್ಲಾ ಒಂದರಾಗ ತುಂಬಿದ್ರ ಅದು ಯಾವ ಟೇಬಲ್ ಮ್ಯಾಲೂ ನಿಲ್ಲಂಗಿಲ್ಲ. ನಾವು ಬರದದ್ದು ಹೆಚ್ಚುಕಮ್ಮಿ ಹಿಂಗ ಇತ್ತು:

"ವಿಷಯ: ರಾತ್ರಿ 10ರ ನಂತರ ಧ್ವನಿವರ್ಧಕ ಬಳಕೆಯನ್ನು ತಡೆಯುವ ಕುರಿತು. ಮಾನ್ಯರೇ, ನಾವು ಕೆಳಗೆ ಸಹಿ ಮಾಡಿದ ಇಂಥ ವಾರ್ಡಿನ ಇಂಥ ಕಾಲನಿಯ ನಿವಾಸಿಗಳು. ನಮ್ಮ ಮನೆಗಳ ಹಿಂದಿನ ಕಾರ್ಯಾಲಯದಲ್ಲಿ ಲಗತ್ತಿಸಿದ ಪಟ್ಟಿಯಲ್ಲಿರುವ ದಿನಾಂಕಗಳಂದು ರಾತ್ರಿ 10ರ ನಂತರವೂ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸಲಾಗಿದೆ. ಇದು ಶಬ್ದ ಮಾಲಿನ್ಯ ನಿಯಮಗಳು 2000ರ ಉಲ್ಲಂಘನೆ. ದಯವಿಟ್ಟು ಒಂದು, ಆ ದಿನಗಳಿಗೆ ಪರವಾನಿಗೆ ಇತ್ತೇ ಎಂದು ಪರಿಶೀಲಿಸಿ. ಎರಡು, ಕಾರ್ಯಾಲಯದವರಿಗೆ ಲಿಖಿತ ಸೂಚನೆ ನೀಡಿ. ಮೂರು, ಮುಂದಿನ ಲಗ್ನದ ದಿನಗಳಲ್ಲಿ ರಾತ್ರಿ 10ಕ್ಕೆ ಗಸ್ತು ಕಳಿಸಿ. ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಿ."

ನೋಡ್ರಿ, "ಸೂಕ್ತ ಕ್ರಮ ಕೈಗೊಳ್ಳಬೇಕು" ಅಂತಷ್ಟ ಬರದು ಬಿಡಬಾರದು, ಏನು ಮಾಡಬೇಕು ಅಂತ ನೀವ ಹೇಳಬೇಕು. ಮದುವಿ ಮಾಡೋರ ಮ್ಯಾಲ, ಜಾತಿ ಮ್ಯಾಲ, ದೇವರ ಮ್ಯಾಲ ಒಂದು ಅಕ್ಷರಾನೂ ಬ್ಯಾಡ. ಸಹಿ ಹದಿನೈದು ಇಪ್ಪತ್ತು ಮನಿದು ಇರಲಿ, ಹೆಸರಿನ ಮುಂದ ಮನಿ ನಂಬರ್ ಹಾಕ್ರಿ. ಸಹಿಗೆ ಹೋದಾಗ ಮನ್ಯಾಗಿನ ಹೆಣ್ಮಕ್ಕಳನ್ನ ಕೇಳ್ರಿ, ಗಂಡಸರು ಯಾಕ ಬೇಕ ಬಿಡ್ರಿ ಅಂತ ಒಳಗ ಹೋದಲ್ಲೆ ಅಕ್ಕಾರು ಪೆನ್ ಇಸ್ಕೊಂಡು ಸಹಿ ಮಾಡಿದ್ದನ್ನ ನಾನು ಕಣ್ಣಾರೆ ಕಂಡೀನಿ, ಯಾಕಂದ್ರ ಕೂಸು ಎದ್ದು ಅಳೋದನ್ನ ಸಂಬಾಳಿಸೋರು ಅವರ.

ಮೂರು ಝೆರಾಕ್ಸ್ ಮಾಡ್ಸಿ ಟಪಾಲು ಸೆಕ್ಷನ್ನಿಗೆ ಹೋಗ್ರಿ, ಒಂದು ಅವರಿಗೆ, ನಿಮ್ಮ ಪ್ರತಿ ಮ್ಯಾಲ ಸಿಕ್ಕಾ, ತಾರೀಖು, ಆವಕ ನಂಬರ್ (ಬಂದ ಅರ್ಜಿಗೆ ಕಚೇರಿಯವರು ಹಾಕೋ ನಂಬರ್) ಹಾಕಿಸ್ಕೊಳ್ಳಾರದ ಎದ್ದು ಬರಬ್ಯಾಡ್ರಿ. "ಇಟ್ಟು ಹೋಗ್ರಿ, ಸಾಹೇಬ್ರು ಮೀಟಿಂಗ್‌ದಾಗ ಅದಾರ" ಅಂದ್ರ "ಕುಂದರತೀವ್ರಿ ಸರ, ಸಿಕ್ಕಾ ಅಷ್ಟ ಬೇಕಾಗಿತ್ತು" ಅಂತ ಮೆತ್ತಗ ಹೇಳಿ ಕುಂದರ್ರಿ. ತಗೊಳ್ಳಾಕ ಒಲ್ಲೆ ಅಂದ್ರ ಪೋಸ್ಟಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡ್ರಿ, ಮುಟ್ಟಿದ್ದಕ್ಕ ದಾಖಲಿ ಇಟ್ಕೊಳ್ರಿ.

ಲೈಟು, ಚೇಂಬರು, ಖಾಲಿ ಪ್ಲಾಟು

ಇದಕ್ಕ ಫೋಟೋ ಮತ್ತ ಗುರ್ತು ಮುಖ್ಯ. "ನಮ್ಮ ಓಣ್ಯಾಗ ಲೈಟ್ ಇಲ್ಲ" ಅಂದ್ರ ಲೈನ್‌ಮನ್ ಎಲ್ಲಿ ಹುಡುಕಬೇಕು? ಕಂಬದ ಮ್ಯಾಲ ನಂಬರ್ ಬರದಿರತಾರ, ಅದನ್ನ ಬರೀರಿ, ಇಲ್ಲಂದ್ರ ಯಾವ ಅಂಗಡಿ ಎದುರಿಂದ ಎಷ್ಟನೇ ಕಂಬ ಅಂತ ಬರೀರಿ. ಸಂಜಿಮುಂದ ಟ್ಯೂಷನ್ ಮುಗಿಸಿ ಹುಡಿಗ್ಯಾರು ಅದ ದಾರಿಲೆ ಬರತಾರ, ಟಂಟಂ ತಿರುವಿನ ಆಚೆಗೆ ಇಳಿಸಿ ಹೋಗತೈತಿ ಅನ್ನೂದನ್ನೂ ಟೈಮ್ ಸಮೇತ ಸೇರಸ್ರಿ, ನಾವು ಹಂಗ ಬರದ ಮ್ಯಾಲ ನಾಕು ಕಂಬದೊಳಗ ಮೂರಕ್ಕ ಹದಿನೈದು ದಿನದಾಗ ಲೈಟ್ ಬಂತು. ಮೊಬೈಲ್ ಬಳಸೋರಿಗೆ ಜನಹಿತ ಆ್ಯಪ್ ಐತಿ, ನಗರ ಸಂಸ್ಥೆಗಳ ದೂರಿಗೆ ಅಂತನ ಮಾಡಿದ್ದು. 1902 ಜನಸ್ಪಂದನ ನಂಬರ್ ಯಾವ ಇಲಾಖಿಗಾದ್ರೂ ನಡಿತೈತಿ, ದೂರಿನ ನಂಬರ್ ತಪ್ಪದ ಬರಕೊಳ್ರಿ.

ಬಾಯಿ ತೆರದ ತೆಗ್ಗು, ಬೇಲಿ ಇಲ್ಲದ ಬಾವಿ, ಬಿಟ್ಟು ಹೋದ ಕೊಳವಿಬಾವಿ ಕಂಡ್ರ ಪಾಳಿ ಕಾಯಬ್ಯಾಡ್ರಿ, ಅವತ್ತ ಹೋಗ್ರಿ. 2024ರ ಏಪ್ರಿಲ್‌ದಾಗ ನಮ್ಮ ಇಂಡಿ ತಾಲೂಕಿನ ಲಚ್ಯಾಣದಾಗ ಎರಡು ವರ್ಷದ ಆಸುಪಾಸಿನ ಕೂಸು ಕೊಳವಿಬಾವ್ಯಾಗ ಬಿದ್ದಿದ್ದು ಎಲ್ಲಾರಿಗೂ ನೆನಪೈತಿ, ಸುಮಾರು 20 ತಾಸು ಆದ ಮ್ಯಾಲ ಜೀವಂತ ತಗದ್ರು, ಅವತ್ತು ಇಡೀ ಜಿಲ್ಲಾನ ಟಿವಿ ಮುಂದ ಕೈ ಮುಗದು ಕುಂತಿತ್ತು. ಇಂಥಾದ್ದಕ್ಕ ಉಪವಿಭಾಗಾಧಿಕಾರಿ ಇಲ್ಲಾ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು, ಹೊಸಾ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಪ್ರಕಾರ ಸಾರ್ವಜನಿಕ ದಾರಿ ಪಕ್ಕದ ಬಾವಿ ತೆಗ್ಗಿಗೆ ಬೇಲಿ ಹಾಕ್ಸಾಕ, ಬೀಳೋ ಹಂಗಿರೋ ಗ್ವಾಡಿ, ಮರ ತಗಸಾಕ ಮ್ಯಾಜಿಸ್ಟ್ರೇಟ್ ಆದ ಅವರು ಆದೇಶ ಮಾಡಬಹುದು. ಮೊದಲ ಇದು ಹಳೇ ಸಿಆರ್‌ಪಿಸಿಯ 133ನೇ ಕಲಂ ಇತ್ತು, ಹಳೇ ವಕೀಲರು ಇನ್ನೂ ಹಂಗ ಅಂತಾರ.

ಹಬ್ಬದ ಮುಂಚೆ ಹೋಗ್ರಿ, ಹಬ್ಬದ ದಿನ ಅಲ್ಲ

ನಾನೂ ಗಣಪತಿ ಕೂಡಿಸ್ತೀನಿ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿಗೆ ಮನಿ ಮಂದೀನೆಲ್ಲಾ ಕರಕೊಂಡು ಹೋಗ್ತೀನಿ. ಮೆರವಣಿಗಿ ಬ್ಯಾಡ ಅನ್ನೋದು ನಮ್ಮ ಮಾತ ಅಲ್ಲ. ಆದ್ರ ಮೆರವಣಿಗಿ ನಡದಾಗ ಹೋಗಿ ಬಂದ್ ಮಾಡ್ರಿ ಅಂದ್ರ ಯಾರೂ ಕೇಳಂಗಿಲ್ಲ, ಕೇಳಾಕ ಆಗಂಗೂ ಇಲ್ಲ. ಗಣಪತಿ, ಈದ್ ಮಿಲಾದ್ ಮುಂಚೆ ಪೊಲೀಸರು ಶಾಂತಿ ಸಭಾ ಕರೀತಾರ, ಮಂಡಳದ ಹುಡುಗ್ರು, ಹಿರಿಯಾರು ಎಲ್ಲಾ ಬರತಾರ, ಠಾಣ್ಯಾಗ ತಾರೀಖು ಕೇಳ್ಕೊಂಡು ನಿಮ್ಮ ಓಣಿಯಿಂದ ಇಬ್ರು ಹೋಗ್ರಿ. ದವಾಖಾನಿ ಎದುರು ನೂರು ಮೀಟರ್ ಡಾಲ್ಬಿ ಬಂದ್, ಸ್ಪೀಕರ್ ಬಾಯಿ ಮನಿ ಕಡೆ ಮಾಡಬ್ಯಾಡ್ರಿ, ಹಿಂಗ ಸಣ್ಣ ಸಣ್ಣವು ಕೇಳ್ರಿ. ನಮ್ಮ ಓಣಿ ಮಂಡಳದ ಹುಡುಗರಿಗೆ ನಾವು ಮನ್ಯಾಗ ಕರದು ಚಹಾ ಕೊಟ್ಟು, ಅತ್ತಿಯವರ ಕಡೆಯಿಂದನ ಹೇಳ್ಸಿದ್ವಿ. "ಆಯಿ, ನಿಮ್ಮ ಮನಿ ಮುಂದ ಬರೇ ಹಲಗಿ ಬಾರಸ್ತೀವಿ" ಅಂದ್ರು, ಹಂಗ ಮಾಡಿದ್ರು ಸುದ್ದಾ.

ಮಂಗಲ ಕಾರ್ಯಾಲಯದ ಮಾಲಕರ ಹತ್ರಾನೂ ಮೊದಲ ಮಾತಾಡ್ರಿ. ಬುಕಿಂಗ್ ಪಾವತಿ ಮ್ಯಾಲ "ರಾತ್ರಿ 10ಕ್ಕ ಸೌಂಡ್ ಬಂದ್" ಅಂತ ಛಾಪಿಸಿದ್ರ ಅವರಿಗೂ ಬೀಗರ ಜೋಡಿ ಜಗಳ ತಪ್ಪತೈತಿ.

ಉತ್ತರ ಬರಲಿಲ್ಲಂದ್ರ

ಹದಿನೈದು ದಿನ ನೋಡಿ, ಹಳೇ ಆವಕ ನಂಬರ್ ಹಾಕಿ ನೆನಪೋಲೆ ಕೊಡ್ರಿ, ಪ್ರತಿ ಡಿಸಿ ಸಾಹೇಬ್ರಿಗೆ. ನಿಮ್ಮ ವಾರ್ಡಿನ ಮೆಂಬರ್‌ಗೂ ಒಂದು ಪ್ರತಿ. ವಾರ್ಡ್ ಕಮಿಟಿ ಇದ್ರ ಅಲ್ಲಿ ವಿಷಯ ಇಡಸ್ರಿ, ಇಲ್ಲಂದ್ರ ಕಮಿಟಿ ಮಾಡ್ರಿ ಅಂತಾನೂ ಪಾಲಿಕಿಗೆ ಬರದು ಕೊಡಬಹುದು.

ಅದಕ್ಕೂ ಸುಮ್ಮನಿದ್ರ ಮಾಹಿತಿ ಹಕ್ಕು. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದಾಗ ಅರ್ಜಿ 150 ಶಬ್ದದೊಳಗ, ಒಂದ ವಿಷಯಕ್ಕ ಇರಬೇಕು. "ಯಾಕ ಕ್ರಮ ತಗೊಂಡಿಲ್ಲ" ಅಂತ ಕೇಳಬ್ಯಾಡ್ರಿ, ಅದಕ್ಕ ಉತ್ತರ ಬರಂಗಿಲ್ಲ, ದಾಖಲಿ ಕೇಳ್ರಿ: ಇಂಥಾ ಆವಕ ನಂಬರಿನ ಅರ್ಜಿ ಮ್ಯಾಲ ಬರದ ಟಿಪ್ಪಣಿ ಹಾಳಿಯ ಪ್ರತಿ, ಆ ತಾರೀಖಿಗೆ ಕೊಟ್ಟ ಧ್ವನಿವರ್ಧಕ ಪರವಾನಿಗಿ ಪ್ರತಿ. 30 ದಿನದಾಗ ಕೊಡಬೇಕು, ಕೊಡಲಿಲ್ಲಂದ್ರ ಮುಂದಿನ 30 ದಿನದೊಳಗ ಅದ ಕಚೇರಿಯ ಮೇಲಧಿಕಾರಿಗೆ ಮೊದಲನೇ ಮೇಲ್ಮನವಿ.

ನಮಗ ಇದು ಬೇಕಾತು. ಉತ್ತರದಾಗ ಬಂದದ್ದು ಒಂದ ಸಾಲು, ಆ ಒಂಬತ್ತು ರಾತ್ರಿಗೆ ಪರವಾನಿಗಿ ಕೊಟ್ಟ ದಾಖಲಿ ಇಲ್ಲ ಅಂತ. ಆ ಹಾಳಿ ಝೆರಾಕ್ಸ್ ಹಚ್ಚಿ ಎರಡನೇ ಅರ್ಜಿ ಕೊಟ್ವಿ, ಹೋದ ಮಾರ್ಚಿನ್ಯಾಗ ಹತ್ತಕ್ಕ ಐದು ನಿಮಿಷ ಇದ್ದಾಗ ಗಸ್ತಿನ ಗಾಡಿ ಬಂದು ಗೇಟ್ ಮುಂದ ನಿಂತಿತು. ಎರಡು ರಾತ್ರಿ ತಪ್ಪಿತು, ಅವನ್ನೂ ವಹ್ಯಾಗ ಬರದೀವಿ. ನಾಕನೇ ಕಂಬದ ಲೈಟ್ ಇನ್ನೂ ಬಂದಿಲ್ಲ, ಅದರ ನೆನಪೋಲೆ ಈ ಸೋಮವಾರ ಕೊಡೋದೈತಿ.