ಬಿಸಿಲಿಗೆ ಒಗ್ಗುವ ತಾರಸಿ ತೋಟ

ಶಿವರಾತ್ರಿ ಕಳೆಯಿತೆಂದರೆ ತಾರಸಿ ತೋಟದಲ್ಲಿ ಹೊಸ ಬಿತ್ತನೆಯ ಕಾಲ. ವಸಂತಕ್ಕೆ ಇವನ್ನು ಬಿತ್ತಿ ಎಂದು ವಿದೇಶಿ ವಿಡಿಯೊಗಳು ತೋರಿಸುವ ಲೆಟಿಸ್, ಬಟಾಣಿ, ಪ್ಯಾನ್ಸಿಗಳೆಲ್ಲ ಹಿಮ ಕರಗುವ ನಾಡಿನವು. ಬೆಂಗಳೂರು, ತುಮಕೂರಿನ ಬಿಸಿಲಿನಲ್ಲಿ ಅವು ಬಾಡುತ್ತವೆ. ನಮಗೆ ಬೇಕಾದವು ಬೆಂಡೆ, ಹೀರೆ, ಅಲಸಂದೆ, ಹರಿವೆ, ಬಸಳೆ. ಬಿಸಿಲೇರಿದಷ್ಟೂ ಹುರುಪಿನಿಂದ ಬೆಳೆಯುವ ತರಕಾರಿಗಳಿವು.

ಮಣ್ಣು ಮತ್ತು ಹೊದಿಕೆ

ಕೆಂಪು ಮಣ್ಣು, ಎರೆಗೊಬ್ಬರ, ತೆಂಗಿನ ನಾರಿನ ಪುಡಿ ಮೂರನ್ನೂ ಸಮಪಾಲು ಬೆರೆಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಸಲ ತೊಳೆದು ಹಿಂಡಿಯೇ ಬಳಸಿ. ಕುಂಡಗಳನ್ನು ಇಟ್ಟಿಗೆಯ ಮೇಲಿಡಿ. ಆಗ ಕಾದ ತಾರಸಿಯ ಬಿಸಿ ಬೇರಿಗೆ ತಟ್ಟುವುದಿಲ್ಲ.

ಇನ್ನು ಹೊದಿಕೆ. ಈ ದಿನಗಳಲ್ಲಿ ಬೀದಿಯ ಹೊಂಗೆ ಮರಗಳ ಕೆಳಗೆ ತರಗೆಲೆ ರಾಶಿ ಬಿದ್ದಿರುತ್ತದೆ. ಅದನ್ನು ಗುಡಿಸಿ ಬೆಂಕಿ ಹಚ್ಚುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಂದು ಚೀಲ ತುಂಬಿಕೊಂಡು ಬಂದು ಕುಂಡದ ಮೇಲೆ ಎರಡು ಅಂಗುಲ ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಸುತ್ತ ಸ್ವಲ್ಪ ಜಾಗ ಬಿಡಿ. ತೇವ ಬೇಗ ಆರುವುದಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ಅಕ್ಕಿ, ತರಕಾರಿ ತೊಳೆದ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು, ಬಿಸಿಲೇರುವ ಮೊದಲೇ ಬುಡಕ್ಕೆ ಹಾಕಿ.

ಬಿತ್ತನೆ

ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಅರ್ಧ ಅಂಗುಲ ಆಳಕ್ಕೆ ಊರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕ’ ತಳಿ ಸಿಕ್ಕರೆ ಅದನ್ನೇ ತನ್ನಿ. ಬಿಳಿನೊಣ ಹರಡುವ ಹಳದಿ ನಂಜುರೋಗವನ್ನು ತಡೆಯಲೆಂದೇ ರೂಪಿಸಿದ ತಳಿ ಅದು. ಒಂದೂವರೆ ತಿಂಗಳಲ್ಲಿ ಕಾಯಿ ಶುರು. ದಿನ ಬಿಟ್ಟು ದಿನ ಕೊಯ್ಯಿರಿ, ಬಿಟ್ಟರೆ ನಾರಾಗುತ್ತದೆ. ಹರಿವೆ ಬೀಜ ತೀರಾ ಸಣ್ಣದು. ಮರಳಿನೊಂದಿಗೆ ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗುವುದಿಲ್ಲ, ತಿಂಗಳೊಳಗೆ ಸಾರಿಗೆ ಸೊಪ್ಪು ಸಿಗುತ್ತದೆ.

ಹೀರೆ ಬಳ್ಳಿ ಹೂ ಬಿಟ್ಟರೂ ಕಾಯಿ ಕಚ್ಚುವುದಿಲ್ಲ ಎಂಬ ದೂರು ಮಾಮೂಲಿ. ಅದರ ಹೂ ಅರಳುವುದು ಸಂಜೆ, ಪರಾಗ ಹೊತ್ತು ತರುವುದು ನಿಶಾಚರ ಪತಂಗಗಳು. ಮೂರನೇ ಮಹಡಿಗೆ ಅವು ಬರದಿದ್ದರೆ ಆ ಕೆಲಸ ನಿಮ್ಮದು. ಹೂವಿನ ಹಿಂದೆ ಎಳೆಯ, ಗೆರೆಗೆರೆಯ ಪುಟ್ಟ ಕಾಯಿ ಇದ್ದರೆ ಅದು ಹೆಣ್ಣು. ಬರೀ ತೊಟ್ಟಿದ್ದರೆ ಗಂಡು. ದೀಪ ಹಚ್ಚುವ ಹೊತ್ತಿಗೆ ಗಂಡು ಹೂ ಕಿತ್ತು, ದಳ ಬಿಡಿಸಿ, ಹಳದಿ ಪುಡಿ ಹೆಣ್ಣು ಹೂವಿನ ನಡುವಿಗೆ ಮೆತ್ತಿಕೊಳ್ಳುವಂತೆ ಮೃದುವಾಗಿ ಸವರಿ. ಕಟ್ಟಿದ ಕಾಯಿ ಕೆಲವೇ ದಿನಗಳಲ್ಲಿ ಉದ್ದವಾಗುತ್ತದೆ, ಕಟ್ಟದ್ದು ಹಳದಿಯಾಗಿ ಉದುರುತ್ತದೆ.

ಹೂ ಮತ್ತು ಸೊಪ್ಪು

ಬೆಂಡೆಯ ಸಾಲಿನಲ್ಲಿ ಚೆಂಡು ಹೂ ಇರಲೇಬೇಕು. ಬೆಂಡೆಯ ಬೇರಿನಲ್ಲಿ ಗಂಟು ತರುವ ಜಂತುಹುಳುಗಳನ್ನು ಅದರ ಬೇರು ಹತ್ತಿಕ್ಕುತ್ತದೆ, ಹೂವಿಗೆ ಜೇನೂ ಬರುತ್ತದೆ. ಚಳಿಗಾಲದಲ್ಲಿ ಸವರಿದ ಮಲ್ಲಿಗೆ ಬಳ್ಳಿ ಈಗ ಚಿಗುರಿ ಮೊಗ್ಗು ಕಟ್ಟುವ ಸಮಯ, ಗೊಬ್ಬರ ಕೊಡಲು ಮರೆಯಬೇಡಿ.

ದೊಡ್ಡಪತ್ರೆಯ ಒಂದು ತುಂಡು ಕಡ್ಡಿ ನೆಟ್ಟರೆ ಬೇಸಿಗೆಯ ತಂಬುಳಿಗೆ ಚಿಂತೆಯಿಲ್ಲ. ಪುದೀನ ಕೊಳ್ಳಲು ಹೋದಾಗ ದಪ್ಪ ಕಡ್ಡಿಗಳನ್ನು ಆರಿಸಿ ತಂದು ನೀರಿನಲ್ಲಿಟ್ಟು, ಬೇರು ಬಂದ ಮೇಲೆ ನೆರಳಿನ ಮೂಲೆಯಲ್ಲಿ ಊರಿ. ತುಳಸಿಯ ಕದಿರನ್ನು ಆಗಾಗ ಚಿವುಟಿ. ಕೊತ್ತಂಬರಿ ಈ ಬಿಸಿಲಿಗೆ ಬೇಗ ಹೂವಿಗೆ ಹೋಗುತ್ತದೆ, ಮಳೆಗಾಲದವರೆಗೆ ಕಾಯುವುದೇ ಮೇಲು.

ಅಲಸಂದೆಗೆ ಹೇನು ಹತ್ತಿದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ನಾಲ್ಕು ಹನಿ ಸಾಬೂನು ದ್ರಾವಣ ಕಲಸಿ ಸಂಜೆ ಸಿಂಪಡಿಸಿ. ಏಪ್ರಿಲ್ ನಡುವೆ ಅಶ್ವಿನಿ ಮಳೆ ಬಿದ್ದರೆ ಮಾರನೆಯ ದಿನ ನೀರು ಹಾಕುವ ಮೊದಲು ತರಗು ಸರಿಸಿ ಬೆರಳಿಟ್ಟು ನೋಡಿ. ಮಣ್ಣು ಇನ್ನೂ ಒದ್ದೆಯಿದ್ದರೆ ಆ ದಿನ ನೀರು ಬೇಡ.